ಕೊಕ್ಕೆಯ ಬಿರುಕು

ಕ್ರೇನಿನ ಕೊಕ್ಕೆ ಮುರಿದು ನಮ್ಮಣ್ಣ ಸತ್ತ. ಅವನೇ ಹೆಚ್ಚು ಭಾರ ಎತ್ತಿಸಿದ್ದ ಅಂತ ಕಾರ್ಖಾನೆಯವರು ಕೈತೊಳೆದುಕೊಂಡರು. ಮುರಿದ ಕೊಕ್ಕೆ ಪರೀಕ್ಷೆಗೆ ಬಂದದ್ದು ನಾನು ಸಂಶೋಧನೆ ಮಾಡುತ್ತಿದ್ದ ವಿಶ್ವವಿದ್ಯಾಲಯದ ಲೋಹಶಾಸ್ತ್ರ ವಿಭಾಗಕ್ಕೇ.

“ನೀನು ಮುಟ್ಟೋದು ಬೇಡಮ್ಮ, ನಾನೇ ನೋಡ್ತೀನಿ,” ಅಂದರು ಪ್ರೊಫೆಸರು.

ನಾನು ಪಕ್ಕದಲ್ಲೇ ನಿಂತೆ. ಮೈಕ್ರೋಸ್ಕೋಪಿನಿಂದ ತಲೆಯೆತ್ತಿದವರು ಕೊಕ್ಕೆಯ ತುಂಡನ್ನು ನನ್ನ ಕಡೆ ತಿರುಗಿಸಿದರು.

“ಮುರಿದ ಜಾಗದಲ್ಲಿ ಅರ್ಧ ಹಳೇ ತುಕ್ಕು ಹಿಡಿದಿದೆ, ಉಳಿದರ್ಧ ಮಾತ್ರ ಹೊಸದಾಗಿ ಮುರಿದು ಹೊಳೀತಿದೆ. ಬಿರುಕು ತಿಂಗಳುಗಟ್ಟಲೆ ಬೆಳೆದಿದೆ. ನಿಮ್ಮಣ್ಣನ ತಪ್ಪಲ್ಲ.”

ಮನೆಗೆ ಓಡಿದೆ. “ಅಮ್ಮಾ, ಅಣ್ಣನ ತಪ್ಪೇನೂ ಇರ್ಲಿಲ್ಲ. ಕೊಕ್ಕೆ ಮೊದಲೇ ಬಿರುಕು ಬಿಟ್ಟಿತ್ತಂತೆ.”

ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು.

“ಹಾಗಾದ್ರೆ ಯಾರಾದ್ರೂ ಒಂದ್ಸಲ ಸರಿಯಾಗಿ ನೋಡಿದ್ರೆ ನನ್ನ ಮಗ ಉಳೀತಿದ್ನಾ?”

ಅವನು ಸತ್ತ ದಿನಕ್ಕಿಂತ ಜೋರಾಗಿ ಅಮ್ಮ ಅತ್ತಳು.