ಒಬ್ಬರ ಡೇರೆ

ಕನ್ನಡಕದಕ್ಕನಿಗೆ ಆ ಹೆಸರು ಬಿದ್ದದ್ದು ಅವಳು ಕನ್ನಡಕ ಹಾಕುತ್ತಾಳೆಂದಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ವರ್ಷವಿಡೀ ಯಂತ್ರದ ಕಿರಿಕಿರಿ ಕೇಳುವ ಆ ಕಿವಿಗೆ ಇದ್ದ ಸುಖ ಒಂದೇ: ಊರಾಚೆಯ ಬಯಲಿನಲ್ಲಿ ನಾಲ್ಕು ದಿನ ನಡೆಯುವ ಸಂಗೀತ ಮೇಳ. ಕೇಳಲು ಬಂದವರು ಅಲ್ಲೇ ಡೇರೆ ಹಾಕಿ ಉಳಿಯುತ್ತಿದ್ದರು. ಎಂಟು ವರ್ಷ ಅವಳೂ ಪಟಾಕಿಯೂ ತಪ್ಪದೆ ಹೋಗಿದ್ದರು. ಪಟಾಕಿ ಎಂದರೆ ಪಕ್ಕದ ಔಷಧಿ ಅಂಗಡಿಯಲ್ಲಿದ್ದ ಗೆಳತಿ. ಬಾಯಿ ತೆರೆದಳೆಂದರೆ ಸರಕ್ಕೆ ಬೆಂಕಿ ಬಿದ್ದಂತೆಯೇ.

ಮೇಳಕ್ಕೆ ಇನ್ನೆರಡು ವಾರ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ಕನ್ನಡಕದಕ್ಕ ಅಟ್ಟದಿಂದ ಡೇರೆ ಇಳಿಸಿ ನಡುಮನೆಯಲ್ಲಿ ಹರಡಿದಳು. ನೀರು ಇಳಿಯದಿರಲೆಂದು ಹೊಲಿಗೆಗಳಿಗೆ ಮೇಣ ಸವರಿದಳು. ಸೊಟ್ಟಗಾಗಿದ್ದ ಗೂಟಗಳನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದಳು. ಎರಡು ಟಾರ್ಚಿಗೂ ಹೊಸ ಸೆಲ್ಲು ಹಾಕಿದಳು. ಪಟಾಕಿ ಈಚೆಗೆ ಊರಿನ ಆ ತುದಿಯ ಆಸ್ಪತ್ರೆಗೆ ಸೇರಿದ್ದಳು, ಸಿಗುವುದೇ ಅಪರೂಪವಾಗಿತ್ತು. ಆದರೆ ಮೇಳದ ಮಾತೇ ಬೇರೆ, ಅದರಲ್ಲಿ ಕೇಳುವುದೇನಿದೆ ಎಂದು ಕನ್ನಡಕದಕ್ಕ ಅಂದುಕೊಂಡಿದ್ದಳು.

ಮಧ್ಯಾಹ್ನ ಪಟಾಕಿಯ ಫೋನ್ ಬಂತು.

"ಲೇ, ಡೇರೆ ನಿನ್ನ ಹತ್ರಾನೇ ಇದೆ ಅಲ್ವಾ? ನಾಲ್ಕು ದಿನಕ್ಕೆ ಕೊಡ್ತೀಯಾ? ನಮ್ಮ ಆಸ್ಪತ್ರೆಯವರೆಲ್ಲ ಮೇಳಕ್ಕೆ ಹೊರಟಿದ್ದೀವಿ, ಒಂದು ಡೇರೆ ಕಮ್ಮಿ ಬಿದ್ದಿದೆ."

ಕನ್ನಡಕದಕ್ಕ ಮೇಣದ ಬಟ್ಟೆ ಹಿಡಿದು ಹಾಗೇ ಕೂತಳು.

"ನೀನು ಈ ಸಲ ಬರಲ್ಲ ಅಂದ್ಕೊಂಡೆ. ಏನೂ ಹೇಳ್ಲೇ ಇಲ್ವಲ್ಲ?" ಎಂದಳು ಪಟಾಕಿ.

"ಹೂಂ, ಬರಲ್ಲ. ಅಂಗಡೀಲಿ ಕೆಲಸ ಜಾಸ್ತಿ. ತಗೊಂಡು ಹೋಗು."

ಆ ಸುಳ್ಳು ಎಲ್ಲಿಂದ ನಾಲಿಗೆಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಸಂಜೆ ಪಟಾಕಿ ಬಂದಳು. ಕೆಳಗೆ ಯಾರೋ ಕಾರಿನ ಹಾರನ್ ಹೊಡೆಯುತ್ತಲೇ ಇದ್ದರು. "ಎಷ್ಟು ಚೆನ್ನಾಗಿಟ್ಟಿದ್ದೀಯೇ!" ಎಂದು ಡೇರೆಯ ಗಂಟು ಎತ್ತಿಕೊಂಡವಳು ನಿಂತ ಕಾಲಲ್ಲೇ ಹೊರಟುಹೋದಳು. ಆಮೇಲೆ ನಡುಮನೆ ಬಿಕೋ ಎನ್ನತೊಡಗಿತು.

ಆ ವಾರ ಅವಳು ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿದಳು, ಅದೂ ಎರಡು ಸಲ. "ಎಲ್ಲಿದ್ದೀಯಮ್ಮಾ ನೀನು?" ಎಂದರು ಯಜಮಾನರು. ಅವಳು ತಲೆ ತಗ್ಗಿಸಿ ಇನ್ನೊಂದು ಗಾಜು ಎತ್ತಿಕೊಂಡಳು. ಶುಕ್ರವಾರ ಅದೇನನ್ನಿಸಿತೋ, ಕೆಲಸ ಮುಗಿದ ಮೇಲೆ ನೇರ ಡೇರೆಯ ಅಂಗಡಿಗೆ ನಡೆದಳು.

"ಎಷ್ಟು ಜನಕ್ಕೆ ಬೇಕು?" ಎಂದ ಅಂಗಡಿಯವನು.

"ಒಬ್ಬರಿಗೆ."

"ಇಬ್ಬರದ್ದೇ ತಗೊಳ್ಳಿ, ಆರಾಮಾಗಿರತ್ತೆ."

"ಒಬ್ಬರದ್ದೇ ಕೊಡಪ್ಪಾ," ಎಂದಳು, ಬೇಕಾದದ್ದಕ್ಕಿಂತ ಜೋರಾಗಿ.

ಮರುದಿನ ತಾರಸಿಯ ಮೇಲೆ ಅದನ್ನು ನಿಲ್ಲಿಸಲು ಹೆಣಗಿದಳು. ಒಂದು ತುದಿ ಹಿಡಿದರೆ ಇನ್ನೊಂದು ಹಾರುತ್ತಿತ್ತು. ಬಟ್ಟೆ ಒಣಹಾಕಲು ಬಂದ ಕೆಳಮನೆಯ ನಿವೃತ್ತ ಬಸ್ ಡ್ರೈವರ್ ಸ್ವಲ್ಪ ಹೊತ್ತು ನೋಡಿ, "ಏನಮ್ಮಾ, ಮನೆ ಖಾಲಿ ಮಾಡಿಸಿಬಿಟ್ರಾ?" ಎಂದರು.

ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿತು. ಅವರು ಏನನ್ನೂ ಕೇಳದೆ ಒಂದು ತುದಿ ಹಿಡಿದುಕೊಂಡರು. ಡೇರೆ ನಿಂತ ಕೂಡಲೇ ಅದನ್ನು ತಾವೇ ಬಿಚ್ಚಿಹಾಕಿ, "ಈಗ ನೀನೊಬ್ಬಳೇ ಮಾಡು, ನಾನು ನೋಡ್ತೀನಿ" ಎಂದರು. ಐದನೆಯ ಸಲಕ್ಕೆ ಕೈ ಕುದುರಿತು.

ಮೇಳದ ಮೊದಲ ಬೆಳಿಗ್ಗೆ ಬೆನ್ನಿಗೆ ಚೀಲ ಹೇರಿಕೊಂಡು ಹೋದಳು. ಬಯಲಿನ ಬೇಲಿಯ ಪಕ್ಕ, ಯಾರೂ ಬಯಸದ ಮೂಲೆಯಲ್ಲಿ ಡೇರೆ ಹಾಕಿದಳು. ಕೊನೆಯ ಗೂಟ ಬಡಿಯುತ್ತಿರುವಾಗ ನೀರಿನ ಕ್ಯಾನ್ ಹಿಡಿದ ಪಟಾಕಿ ಎದುರಿಗೇ ಬಂದು ನಿಂತಳು.

"ಕೆಲಸ ಜಾಸ್ತಿ ಅಂದೆ?"

"ಸುಳ್ಳು ಹೇಳಿದೆ."

ಪಟಾಕಿ ಕ್ಯಾನನ್ನು ಕೆಳಗಿಟ್ಟಳು. "ನಮ್ಮ ಜೊತೆಗೇ ಬಂದ್ಬಿಡೇ. ಹೇಗೋ ಜಾಗ ಮಾಡ್ಕೊಳ್ಳೋಣ" ಎಂದಳು.

"ಬೇಡ ಕಣೇ. ನಾನು ಕೇಳಬೇಕಿತ್ತು, ಕೇಳಲಿಲ್ಲ. ನೀನೂ ಒಂದು ಮಾತು ಕೇಳಬಹುದಿತ್ತು."

ಪಟಾಕಿ ಏನೋ ಹೇಳಲು ಹೋದಳು. ಅಷ್ಟರಲ್ಲಿ ಅತ್ತ ಕಡೆಯಿಂದ ಅವಳನ್ನು ಕೂಗಿದರು. ಎರಡು ಸಲ ತಿರುಗಿ ನೋಡುತ್ತ ಹೋದಳು.

ವೇದಿಕೆಯಲ್ಲಿ ವಾದ್ಯಗಳ ಶ್ರುತಿ ಮಾಡಿಕೊಳ್ಳುವ ಸದ್ದು ಶುರುವಾಯಿತು. ಕನ್ನಡಕದಕ್ಕ ಡೇರೆಯ ಜಿಪ್ ಎಳೆದು ಜನರೊಳಗೆ ನಡೆದಳು. ಮೊದಲ ಹಾಡಿಗೆ ಸುತ್ತ ಇದ್ದವರೆಲ್ಲ ಎದ್ದು ನಿಂತರು, ಅವಳೂ ನಿಂತಳು. "ದನಿ ಕೇಳಿದ್ಯಾ, ಹೇಗಿದೆ!" ಎನ್ನಲು ಪಕ್ಕಕ್ಕೆ ತಿರುಗಿದಳು. ಗುರುತಿಲ್ಲದ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕನ್ನಡಕದಕ್ಕ ಮಾತು ನುಂಗಿಕೊಂಡು ಮತ್ತೆ ವೇದಿಕೆಯತ್ತ ಮುಖ ಮಾಡಿದಳು. ಹಾಡು ನಿಜಕ್ಕೂ ಚೆನ್ನಾಗಿತ್ತು.