ಸೊಂಟದ ಎರಡು ಅಳತೆ

ಬಟ್ಟೆ ಹೊಲಿಯುವ ಅವಳಿಗೆ ಗಿರಾಕಿಗಳು ಇಟ್ಟ ಹೆಸರು ಕತ್ತರಿಯಮ್ಮ. ಕತ್ತರಿಗಿಂತ ನಾಲಿಗೆಯೇ ಹರಿತ ಎನ್ನುವವರೂ ಇದ್ದರು, ಹಾಗೆಂದು ಯಾರೂ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತವರ ಸೊಂಟ ಎಷ್ಟು ಇಂಚು ಎಂದು ಟೇಪು ಹಿಡಿಯದೆ ಹೇಳಿಬಿಡುತ್ತಿದ್ದಳು. ಅಂಥವಳಿಗೆ ಹೆತ್ತ ಮಗಳ ಕಷ್ಟ ಕಾಣಲಿಲ್ಲವೇ ಎಂದರೆ, ದೀಪದ ಕೆಳಗೆ ಕತ್ತಲು ಎಂದು ತೇಲಿಸಿಬಿಡಬಹುದು. ಆದರೆ ಅದು ಸುಳ್ಳು. ಅವಳಿಗೆ ಕಂಡಿತ್ತು, ಬರೆದೂ ಇಟ್ಟಿದ್ದಳು.

ಶುರುವಾದದ್ದು ಮಗಳಿಗೆ ಹದಿನಾಲ್ಕಾದಾಗ. ಮುಟ್ಟಿನ ದಿನಗಳಲ್ಲಿ ಹುಡುಗಿ ಅಂಗಡಿಯ ಮೇಜಿನ ಕೆಳಗೆ ತೂರಿಕೊಂಡು, ಚೂರುಬಟ್ಟೆಯ ಮೂಟೆಗೆ ಹೊಟ್ಟೆ ಒತ್ತಿ ಮಲಗುತ್ತಿದ್ದಳು. ಹೊಟ್ಟೆ ಉಬ್ಬಿ ಸ್ಕರ್ಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ.

"ಅಮ್ಮ, ಡಾಕ್ಟ್ರ ಹತ್ರ ಹೋಗೋಣ್ವಾ?" ಎಂದು ಒಂದು ದಿನ ಕೇಳಿದಳು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ. ನನಗೇನು ನೋವಿರ್ಲಿಲ್ವಾ? ಆ ನೋವಲ್ಲೇ ಎಷ್ಟು ಮದುವೆ ಬಟ್ಟೆ ಹೊಲಿದಿದೀನಿ. ಹಲ್ಲು ಕಚ್ಕೊಂಡು ಎರಡು ದಿನ ತಡ್ಕೊ."

ಕಲ್ಲು ಮನಸ್ಸಿನವಳೇನಲ್ಲ. ಆದರೆ ಸೊಂಟ ಬಿಗಿಯಾದರೆ ಹೊಲಿಗೆ ಬಿಚ್ಚಬೇಕು ಎನ್ನುವುದೊಂದೇ ಅವಳಿಗೆ ಗೊತ್ತಿದ್ದ ಮದ್ದು. ಎಲಾಸ್ಟಿಕ್ ಹಾಕಿ ಎರಡು ಸಡಿಲ ಸ್ಕರ್ಟು ಹೊಲಿದಳು. ಅಳತೆ ಪುಸ್ತಕದಲ್ಲಿ ಮಗಳ ಪುಟ ತೆಗೆದು, ಸೊಂಟ ಇಪ್ಪತ್ತಾರು ಎಂದು ಬರೆದು, ಪಕ್ಕದಲ್ಲೇ 'ಆ ದಿನಗಳಿಗೆ ಇಪ್ಪತ್ತೊಂಬತ್ತು' ಎಂದು ಸೇರಿಸಿದಳು. ಹೊಸ ಸ್ಕರ್ಟು ಹಾಕಿಕೊಂಡು ಮಗಳು ನಕ್ಕಳು. ಪಾಪ, ಅಮ್ಮನಿಗಾಗಿ ನಕ್ಕಿರಬೇಕು. ಕತ್ತರಿಯಮ್ಮ ಮಾತ್ರ ಕೆಲಸ ಆಯಿತು ಎಂದುಕೊಂಡಳು.

ಹೀಗೆ ಹನ್ನೊಂದು ವರ್ಷ ಕಳೆಯಿತು. ಮಗಳು ಓದು ಮುಗಿಸಿ ಗ್ರಂಥಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ಬೆಳಿಗ್ಗೆ ಕಪಾಟಿಗೆ ಪುಸ್ತಕ ಜೋಡಿಸುತ್ತಿದ್ದವಳು ಅಲ್ಲೇ ಕುಸಿದಳು. ಜೊತೆಯವರು ಆಸ್ಪತ್ರೆಗೆ ಸೇರಿಸಿದರು.

"ಈ ನೋವು ಎಷ್ಟು ವರ್ಷದಿಂದ ಇದೆ?" ಎಂದು ಡಾಕ್ಟರಮ್ಮ ಕೇಳಿದರು.

"ಈಚೆಗೆ. ಒಂದೆರಡು ವರ್ಷ ಇರಬಹುದು," ಎಂದಳು ಕತ್ತರಿಯಮ್ಮ. ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತ್ತು.

ಹಾಸಿಗೆಯ ಮೇಲಿದ್ದ ಮಗಳು ಗೋಡೆಯ ಕಡೆ ತಿರುಗಿ, "ಅಮ್ಮನ ಅಳತೆ ಪುಸ್ತಕದಲ್ಲಿದೆ ಡಾಕ್ಟ್ರೇ, ಎಲ್ಲಾ," ಎಂದಳು.

ಪುಸ್ತಕ ಸಿಗಲಿಲ್ಲ ಎನ್ನಬಹುದಿತ್ತು. ಅಂಗಡಿಯಲ್ಲಿ ಅದನ್ನು ಹಿಡಿದು ಬಹಳ ಹೊತ್ತು ಕುಳಿತ ಕತ್ತರಿಯಮ್ಮನಿಗೆ ಆ ಯೋಚನೆಯೂ ಬಂತು. ಕೊನೆಗೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಡಾಕ್ಟರಮ್ಮ ಮಗಳ ಪುಟಗಳನ್ನು ಒಂದೊಂದಾಗಿ ತಿರುವಿದರು. ವರ್ಷವರ್ಷವೂ ತಾರೀಖು ಹಾಕಿ ಬರೆದ ಎರಡು ಅಳತೆ. ಮೊದಲು ಮೂರು ಇಂಚಿದ್ದ ಅಂತರ ಆಮೇಲೆ ನಾಲ್ಕಾಗಿ, ಕೊನೆಯ ಪುಟದಲ್ಲಿ ಐದಾಗಿತ್ತು.

"ಇದಕ್ಕೆ ಎಂಡೊಮೆಟ್ರಿಯೋಸಿಸ್ ಅಂತಾರೆ. ಗರ್ಭಕೋಶದ ಒಳಪದರದಂಥದ್ದೇ ಹೊರಗಡೆಯೂ ಬೆಳೆಯುತ್ತೆ, ಪ್ರತಿ ತಿಂಗಳು ಊದುತ್ತೆ. ಕರುಳಿಗೂ ಅಂಟಿಕೊಂಡಿರೋದು ಸ್ಕ್ಯಾನಿಂಗಲ್ಲಿ ಕಂಡಿದೆ," ಎಂದರು. ಪುಸ್ತಕ ಮುಚ್ಚುತ್ತಾ, "ಕಾಯಿಲೆಯನ್ನ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವರನ್ನ ನಾನು ನೋಡಿಲ್ಲಮ್ಮ," ಎಂದೂ ಹೇಳಿದರು.

ಅದರಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಬೈಗುಳಕ್ಕೆ ಬಾಯಿ ಕೊಡುವುದು ಅವಳಿಗೆ ಗೊತ್ತಿತ್ತು.

ಆಪರೇಷನ್ನಿನಲ್ಲಿ ಅಂಟಿಕೊಂಡಿದ್ದನ್ನೆಲ್ಲ ಬಿಡಿಸಿದರು. ಒಂದು ಅಂಡಾಶಯ ಪೂರ್ತಿ ಕೆಟ್ಟಿತ್ತು, ತೆಗೆಯಬೇಕಾಯಿತು. ಮೊದಲೇ ಬಂದಿದ್ದರೆ ಅದು ಉಳಿಯುತ್ತಿತ್ತೇ ಎಂದು ಕತ್ತರಿಯಮ್ಮ ಕೇಳಿದಳು. ಉಳಿಯುತ್ತಿತ್ತೇನೋ, ಖಂಡಿತ ಹೇಳಲಾಗದು ಎಂದರು ಡಾಕ್ಟರಮ್ಮ. ನೋವು ಮರಳಬಹುದು, ಗುಳಿಗೆ ಬಿಡಬಾರದು ಎಂದು ಹೇಳಿ ಮನೆಗೆ ಕಳಿಸಿದರು. ಆ 'ಏನೋ' ಎನ್ನುವ ಮಾತು ಅವಳ ಬೆನ್ನು ಬಿಡಲಿಲ್ಲ.

ನಾಲ್ಕು ತಿಂಗಳ ಮೇಲೆ, ಒಂದು ಮಧ್ಯಾಹ್ನ ಮಗಳು ಅಂಗಡಿಯ ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದಳು. ಸೂಜಿ ನಿಲ್ಲಿಸಿ ಕೇಳಿದಳು:

"ಅಮ್ಮ, ಎಲ್ರೂ ಯಾವಾಗ್ಲೂ ಹೀಗೇ ಇರ್ತಾರಾ? ಎಲ್ಲೂ ಏನೂ ನೋಯದೆ?"

"ಹೂಂ ಕಣೆ. ನನಗೂ ಮುಟ್ಟು ನಿಂತ ಮೇಲೇ ಗೊತ್ತಾಗಿದ್ದು. ನಲವತ್ತೆಂಟಕ್ಕೆ."

ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಅಂದ್ರೆ ನಂಗೆ ಹದಿನಾಲ್ಕು. ಮೇಜಿನ ಕೆಳಗೆ ಮಲಗ್ತಿದ್ದೆನಲ್ಲ, ಆಗ."

"ಹೂಂ."

"ನಿಂಗೆ ಆಗ್ಲೇ ಗೊತ್ತಿತ್ತಾ, ನೋವಿಲ್ದೆ ಇದ್ರೆ ಹೇಗಿರುತ್ತೆ ಅಂತ?"

ಊರಿಗೆಲ್ಲ ಉತ್ತರ ಕೊಡುವ ಕತ್ತರಿಯಮ್ಮ ತಲೆ ತಗ್ಗಿಸಿದಳು. "ಗೊತ್ತಿತ್ತು. ನನ್ನದು ನಿಂತಿತ್ತಲ್ಲ, ಹಾಯಾಗಿದ್ದೆ. ಆ ನೋವು ಹೇಗಿತ್ತು ಅನ್ನೋದೇ ಮರೆತುಬಿಟ್ಟೆ ಮಗಳೇ. ತಪ್ಪಾಯ್ತು."

ಪರವಾಗಿಲ್ಲ ಎಂದು ಮಗಳು ಹೇಳಲಿಲ್ಲ. ಹೇಳಲಿ ಎಂದು ತಾಯಿ ಕಾದದ್ದೂ ನಿಜ. ಮಗಳು ಎದ್ದು, ಒಳಗಿನಿಂದ ಆ ಸಡಿಲ ಸ್ಕರ್ಟುಗಳಲ್ಲಿ ಕೊನೆಯದನ್ನು ತಂದು ಮೇಜಿನ ಮೇಲಿಟ್ಟಳು.

"ಇದರ ಸೊಂಟ ಬಿಗಿ ಮಾಡ್ಕೊಡು."

ಕತ್ತರಿಯಮ್ಮ ಕಣ್ಣಳತೆ ನಂಬದೆ ಕೊರಳಿನ ಟೇಪು ತೆಗೆದು ಮಗಳ ಸೊಂಟ ಬಳಸಿದಳು. ಬೆರಳು ಹೊಟ್ಟೆಯ ಮೇಲಿನ ಗಾಯದ ಗುರುತಿನ ಹತ್ತಿರ ಬಂದು ನಿಂತಿತು.

"ಇಲ್ಲಿ ನೋಯುತ್ತಾ?" ಎಂದು ಕೇಳಿದಳು.

ಹನ್ನೊಂದು ವರ್ಷ ಆ ಸೊಂಟದ ಅಳತೆ ತೆಗೆದವಳು ಅದನ್ನು ಕೇಳಿದ್ದು ಅದೇ ಮೊದಲು.