ಹಸಿರು ರಿಬ್ಬನ್ ಇಲ್ಲದ ವೀಲುನಾಮೆ

ನಾನು ಒಂದು ವೀಲುನಾಮೆ. ಕುವೈತಿನ ಆಸ್ಪತ್ರೆಯೊಂದರ ನರ್ಸುಗಳ ಕೋಣೆಯಲ್ಲಿ, ನೋಟುಪುಸ್ತಕದಿಂದ ಹರಿದ ಗೆರೆಹಾಳೆಯ ಮೇಲೆ ಹುಟ್ಟಿದೆ. ಬರೆದವಳು ಕಿನ್ನಿಗೋಳಿಯ ಸೆಲೆಸ್ತಿನ್. ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ರಜೆ ಸಿಗದೆ ಅವಳು ಮಣ್ಣಿಗೂ ಹೋಗಿರಲಿಲ್ಲ. ಊರಿನಲ್ಲಿ ತಾನು ಕಟ್ಟಿಸಿದ ಮನೆ ತನ್ನ ನಂತರ ಯಾರಿಗೆ ಅಂತ ಬರೆದಳು. ಜೊತೆಯ ಇಬ್ಬರು ನರ್ಸುಗಳು ಸಾಕ್ಷಿ ಹಾಕಿದರು. ಬರೆಯುವಾಗ ಎರಡು ಸಲ ಅತ್ತಳು. ಅದೇ ನನಗೆ ಜಂಬ.

ಜಂಬ ಇಳಿದದ್ದು ಇಂಗ್ಲೆಂಡಿನಲ್ಲಿ. ಲೆಸ್ಟರಿಗೆ ಕೆಲಸಕ್ಕೆ ಹೋದ ಸೆಲೆಸ್ತಿನ್ ಅಲ್ಲೊಂದು ಪುಟ್ಟ ಫ್ಲಾಟ್ ಕೊಂಡಳು. ಅದಕ್ಕೆಂದು ಅಲ್ಲಿಯ ವಕೀಲರು ಬೇರೆ ವೀಲುನಾಮೆ ಮಾಡಿಕೊಟ್ಟರು. ಅಬ್ಬಾ, ಅದರ ಠೀವಿ! ದಪ್ಪ ಕಾಗದ, ಅಚ್ಚಿನ ಅಕ್ಷರ, ಪುಟಗಳನ್ನು ಹೊಲಿದ ಹಸಿರು ರಿಬ್ಬನ್. ಇಬ್ಬರಿಗೂ ಒಂದೇ ಡ್ರಾಯರ್. ಅವಳು ಎಳೆದಾಗಲೆಲ್ಲ ಮೊದಲು ಸವರುತ್ತಿದ್ದದ್ದು ಅದನ್ನು. ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ನಾಲ್ಕು ವರ್ಷದ ಮೇಲೆ ನನ್ನನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಒಂದು ಅಧಿಕಾರ ಪತ್ರದ ಜೊತೆ ಊರಿನಲ್ಲಿದ್ದ ತಂಗಿ ಹಿಲ್ಡಾಳಿಗೆ ಕಳಿಸಿದಳು. 'ಒಡೆಯಬೇಡ. ನನ್ನ ಪರವಾಗಿ ರಿಜಿಸ್ಟರ್ ಮಾಡಿಸು' ಅಂತ ಚೀಟಿ. ನನಗೂ ಮುದ್ರೆ ಬೀಳುತ್ತದೆ, ಆ ರಿಬ್ಬನ್ನಿನ ಸೊಕ್ಕು ಮುರಿಯುತ್ತದೆ ಅಂತ ಹಿಗ್ಗಿದೆ.

ನೋಂದಣಿ ಕಚೇರಿಯ ಗುಮಾಸ್ತರು ಲಕೋಟೆ ಮುಟ್ಟಲೇ ಇಲ್ಲ. ಊರಿನ ಕ್ರಿಸ್ತಿ ಹೆಂಗಸರನ್ನೆಲ್ಲ ಕರೆಯುವಂತೆ ಹಿಲ್ಡಾಳನ್ನೂ 'ಬಾಯಿ' ಎಂದು ಕರೆದು ಕೇಳಿದರು. "ಬರೆದವರು ಇದ್ದಾರಾ ಬಾಯಿ?"

"ಗಟ್ಟಿ ಇದ್ದಾಳೆ. ಇಂಗ್ಲೆಂಡಿನಲ್ಲಿ."

"ಹಾಗಾದ್ರೆ ಅವರೇ ಬರಬೇಕು. ಊರಿಗೆ ಬಂದಾಗ ತರಲಿ. ವೀಲುನಾಮೆಗೆ ಅಧಿಕಾರ ಪತ್ರ ನಡೆಯುದಿಲ್ಲ. ಅವರ ಕಾಲ ಆದ ಮೇಲಾದ್ರೆ, ಇದರಲ್ಲಿ ಹಕ್ಕು ಇರುವವರು ತರಬಹುದು."

"ಅವಳಿಗೆ ಫಾರಿನ್ನು, ನನಗೆ ಅಲೆದಾಟ" ಎಂದು ಹಿಲ್ಡಾ ದಾರಿಯುದ್ದಕ್ಕೂ ಗೊಣಗಿದಳು. ಆ ಉರಿ ನನಗೆ ಚೆನ್ನಾಗಿ ಗೊತ್ತಿದ್ದ ಉರಿ.

ಮೇ ತಿಂಗಳಲ್ಲಿ ಸೆಲೆಸ್ತಿನ್ ಬಂದಳು. ಆ ರಿಬ್ಬನ್ನಿನ ವೀಲುನಾಮೆಯ ನಕಲನ್ನೂ ತಂದಿದ್ದಳು. ಹಿಲ್ಡಾಳನ್ನು ಹೊರಗೆ ಕೂರಿಸಿ, ವಕೀಲ ಶೆಟ್ಟಿಗಾರರ ಮುಂದೆ ಎರಡನ್ನೂ ಇಟ್ಟಳು. ಅವರು ಇಂಗ್ಲಿಷಿನದನ್ನು ಓದಿ ಕನ್ನಡಕ ತೆಗೆದರು.

"ಹಿಂದಿನ ವೀಲುನಾಮೆಗಳೆಲ್ಲ ರದ್ದು ಅಂತ ಇದೆಯಲ್ಲ ಬಾಯಿ!"

"ಅದು ಅಲ್ಲಿಯದಕ್ಕೆ ಮಾತ್ರ ಅಲ್ವಾ?"

"ಹಾಗಂತ ಬರೆದಿಲ್ಲ. ಎಲ್ಲ ಅಂದ್ರೆ ಇದೂ ಬಂತು. ಇದನ್ನು ನಂಬಿದರೆ ನಾಳೆ ಕೋರ್ಟಿನಲ್ಲಿ ಜಗಳ. ಹೊಸತು ಬರೆಯುವ."

ಅಂದರೆ ಅದೇ ಡ್ರಾಯರಿನಲ್ಲಿ, ಅದರ ಮಗ್ಗುಲಲ್ಲೇ, ನಾನು ನಾಲ್ಕು ವರ್ಷದಿಂದ ಸತ್ತು ಮಲಗಿದ್ದೆ! ಹೊಸತು ಟೈಪಾಯಿತು: ಇದು ಭಾರತದ ಆಸ್ತಿಗೆ ಮಾತ್ರ, ಲೆಸ್ಟರಿನದಕ್ಕೆ ಬಾಧಕವಿಲ್ಲ. ನನ್ನ ಮಾತುಗಳನ್ನೆಲ್ಲ ಅದಕ್ಕೆ ಕೊಟ್ಟರು. ಎರಡು ಸಾಲು ಮಾತ್ರ ಬಿಟ್ಟರು, "ಇದು ಕಾನೂನಿಗೆ ಬೇಡ" ಅಂತ. ಮರುದಿನ ಸೆಲೆಸ್ತಿನ್ ಖುದ್ದು ಕಚೇರಿಯಲ್ಲಿ ಕೂತಳು. ಫೋಟೋ, ಬೆರಳಿನ ಗುರುತು, ಮುದ್ರೆ, ಎಲ್ಲವೂ ಆ ಒಂದು ದಿನದ ಕೂಸಿಗೆ. ನಾನು ಚೀಲದೊಳಗೆ ಕುದಿಯುತ್ತಿದ್ದೆ.

ಮನೆಯಲ್ಲಿ ಸೆಲೆಸ್ತಿನ್ ನನ್ನನ್ನು ಹರಿಯಲು ಹೊರಟಾಗ ಹಿಲ್ಡಾ ಕಸಿದುಕೊಂಡು ಓದಿದಳು. 'ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಅಮ್ಮನ ಕಡೆಯ ದಿನಗಳು ಅವಳಿಗೆ ಸಿಕ್ಕಿದವು. ಆದರೂ ಮನೆ ಅವಳಿಗೇ.'

"ನಿನಗೆ? ನನ್ನ ಮೇಲೆ?" ಹಿಲ್ಡಾ ಕೂತುಬಿಟ್ಟಳು. "ಅಮ್ಮನ ಬೆಡ್‌ಪ್ಯಾನ್ ತೊಳೆಯುವಾಗೆಲ್ಲ ನಾನು ನಿನ್ನ ಮೇಲೆ ಉರಿಯುತ್ತಿದ್ದೆ ಅಕ್ಕ."

"ಅಲ್ಲಿ ನಾನು ಬೇರೆಯವರ ಅಮ್ಮಂದಿರದ್ದು ತೊಳೆಯುತ್ತಿದ್ದೆ" ಎಂದಳು ಸೆಲೆಸ್ತಿನ್.

ಈಗ ನಾನು ಹಿಲ್ಡಾಳ ಪ್ರಾರ್ಥನಾ ಪುಸ್ತಕದಲ್ಲಿದ್ದೇನೆ. ಮಡಿಕೆಗಳು ಸವೆದಿವೆ. ಮುದ್ರೆ ಬಿದ್ದ ಆ ಹೊಸಬ ಬ್ಯಾಂಕಿನ ಲಾಕರಿನಲ್ಲಿದ್ದಾನೆ. ಅವನ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ? ಆದರೆ ಅವನನ್ನು ಬಿಚ್ಚಬೇಕಾದರೆ ಒಬ್ಬಳು ಸಾಯಬೇಕು. ನನ್ನನ್ನು ಹಿಲ್ಡಾ ಪ್ರತಿ ಭಾನುವಾರ, ಅಕ್ಕನ ಫೋನು ಇಟ್ಟ ಮೇಲೆ ಬಿಚ್ಚುತ್ತಾಳೆ.